ಭಾಷೆ ಕಾಲಮ್ಮಲ್ಲಿ 'ಯುಎನ್‌ಡಿ' ಬಂದ್ರೆ ಏನ್ ಮಾಡ್ಬೇಕು? ಊರಿನ ಲೈಬ್ರರಿ, ಯಕ್ಷಗಾನ ರೆಕಾರ್ಡಿಂಗ್, ಹಳೆ ಕಾಗದಪತ್ರ ಇಟ್ಕೊಂಡವ್ರಿಗೆ

ಶಿರಸಿ, ಕುಮಟಾ, ಕಾರವಾರ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ, ಹಾಗಾಗಿ ಒಂದ್ಸಲ ಪೂರ್ತಿ ಬರೆದಿಡ್ತೇನೆ. ಲೈಬ್ರರಿ ಪುಸ್ತಕದ ಪಟ್ಟಿ ಇರಬಹುದು, ಅಟ್ಟದ ಮೇಲಿನ ತಾಳೆಗರಿ ಸ್ಕ್ಯಾನ್ ಇರಬಹುದು, ಯಕ್ಷಗಾನ ಆಟದ ಹಳೆ ಕ್ಯಾಸೆಟ್ ಇರಬಹುದು, ಎಲ್ಲಾ ಎಂಟ್ರಿ ಮಾಡಿ ಬೇರೆಯವ್ರಿಗೆ ಕಳಿಸ್ಲಿಕ್ಕೆ ಹೋದಾಗ ಭಾಷೆ ಅನ್ನೋ ಜಾಗದಲ್ಲಿ ಯುಎನ್‌ಡಿ ಅಂತ ತೋರಿಸ್ತದೆ, ಇದು ಎರರ್ರಾ, ಎಲ್ಲಾ ಕಡೆ ಕನ್ನಡ ಅಂತ ಹಾಕಿ ಮುಗಿಸ್ಬಹುದಾ ಅಂತ ಕೇಳ್ತೀರಿ.

ಎರರ್ ಅಲ್ಲ. ಎಲ್ಲದಕ್ಕೂ ಕನ್ನಡ ಹಾಕ್ಲಿಕ್ಕೂ ಹೋಗ್ಬೇಡಿ. ಯುಎನ್‌ಡಿ ಅಂದ್ರೆ 'ಭಾಷೆ ಯಾವುದು ಅಂತ ನಿರ್ಧಾರ ಆಗಿಲ್ಲ' ಅಷ್ಟೇ, ಅದೊಂದು ಅಧಿಕೃತ ಕೋಡ್. ತಪ್ಪು ಕೋಡ್ ಹಾಕೋದಕ್ಕಿಂತ ಯುಎನ್‌ಡಿ ಬಿಡೋದು ಎಷ್ಟೋ ಮೇಲು, ಯಾಕಂದ್ರೆ ಯುಎನ್‌ಡಿ ಇದ್ರೆ ಮುಂದೆ ಯಾರಾದ್ರೂ ಹುಡುಕಿ ಸರಿ ಮಾಡ್ತಾರೆ, ತಪ್ಪಾಗಿ ಕನ್ನಡ ಅಂತ ಬಿದ್ದ ಕೊಂಕಣಿ ಹಾಡನ್ನ ತಿರುಗಿ ಯಾರೂ ನೋಡೋದಿಲ್ಲ. ಆದ್ರೆ ಯುಎನ್‌ಡಿ ಹಾಕ್ಬಾರದ ಕಡೆನೂ ಜನ ಅದನ್ನೇ ಹಾಕಿ ಬಿಡ್ತಾರೆ, ಈ ಬರಹದ ಮುಕ್ಕಾಲು ಭಾಗ ಅದರ ಬಗ್ಗೆನೇ.

ಮೊದ್ಲು ಬೇಕಾಗೋದು

ಐಎಸ್‌ಒ 639 ಅನ್ನೋದು ಲೋಕದ ಭಾಷೆಗಳಿಗೆ ಚಿಕ್ಕ ಕೋಡ್ ಕೊಡೋ ಅಂತರರಾಷ್ಟ್ರೀಯ ಮಾನದಂಡ. ಅದ್ರಲ್ಲಿ ನಮ್ಗೆ ಮೂರು ಪಟ್ಟಿ ಮುಖ್ಯ. 639-1ರಲ್ಲಿ ಎರಡಕ್ಷರದ ಕೋಡ್, ಕನ್ನಡಕ್ಕೆ ಕೆಎನ್. 639-2ರಲ್ಲಿ ಮೂರಕ್ಷರ, ಕನ್ನಡಕ್ಕೆ ಕೆಎಎನ್, ಲೈಬ್ರರಿಗಳು ಜಾಸ್ತಿ ಬಳಸೋದು ಇದನ್ನೇ, ಇದನ್ನ ನೋಡ್ಕೊಳ್ಳೋದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್. 639-3 ಕೂಡ ಮೂರಕ್ಷರವೇ, 2007ರಲ್ಲಿ ಬಂದದ್ದು, ತುಂಬಾ ದೊಡ್ಡದು, ಸಣ್ಣ ಸಣ್ಣ ಭಾಷೆನೂ ಇರ್ತದೆ, ಅದನ್ನ ನೋಡ್ಕೊಳ್ಳೋದು ಎಸ್‌ಐಎಲ್ ಅನ್ನೋ ಸಂಸ್ಥೆ. ಪಟ್ಟಿಗಳೆಲ್ಲ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗ್ತವೆ, ಕೆಲಸಕ್ಕೆ ಕೂರೋ ಮುಂಚೆ ತೆರೆದಿಟ್ಕೊಳ್ಳಿ.

ಜೊತೆಗೆ ನಿಮ್ಮ ಎಕ್ಸೆಲ್ ಶೀಟಿನ ಒಂದು ಕಾಪಿ ಬೇರೆ ಇಡಿ, ಅದನ್ನ ಮುಟ್ಟೋದೇ ಬೇಡ. ಕೆಲಸ ಮಾಡೋ ಶೀಟಲ್ಲಿ ಭಾಷೆ ಕಾಲಮ್ಮಿನ ಪಕ್ಕ ಇನ್ನೆರಡು ಕಾಲಮ್ ಮಾಡ್ಕೊಳ್ಳಿ, ಒಂದು 'ಲಿಪಿ', ಇನ್ನೊಂದು 'ಟಿಪ್ಪಣಿ'. ಕೋಡನ್ನ ನಾನಿಲ್ಲಿ ಉಚ್ಚಾರದ ಹಾಗೆ ಕನ್ನಡದಲ್ಲಿ ಬರೀತಾ ಇದ್ದೇನೆ, ನೀವು ಟೈಪ್ ಮಾಡೋವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹೊಡೀಬೇಕು, ಮುಂದೆ ಹಿಂದೆ ಸ್ಪೇಸ್ ಬಿಡ್ಬೇಡಿ.

1. ನಿಮ್ಮ ಪಟ್ಟಿ ತಗೊಳ್ಳೋರು ಯಾವ ರೂಪದಲ್ಲಿ ಕೇಳ್ತಾರೆ ಅಂತ ತಿಳ್ಕೊಳ್ಳಿ

ಇದನ್ನ ಬಿಟ್ಟು ಮುಂದೆ ಹೋದ್ರೆ ಎಲ್ಲಾ ಎರಡೆರಡು ಸಲ ಮಾಡ್ಬೇಕಾಗ್ತದೆ. ಲೈಬ್ರರಿ ಕ್ಯಾಟಲಾಗ್ ಆದ್ರೆ ಸಾಮಾನ್ಯ ಮಾರ್ಕ್ 21 ಅನ್ನೋ ರೂಪ, ಅದ್ರಲ್ಲಿ 008 ಅನ್ನೋ ಫೀಲ್ಡಿನ, ಅಂದ್ರೆ ಮಾಹಿತಿ ತುಂಬೋ ಜಾಗದ, 35ರಿಂದ 37ನೇ ಸ್ಥಾನದವರೆಗೆ ಮೂರಕ್ಷರ ಭಾಷೆಗೆ ಅಂತ ಮೀಸಲು. ಪುಸ್ತಕ ಪ್ರಕಾಶಕರು, ಮಾರಾಟಗಾರರು ಬಳಸೋದು ಓನಿಕ್ಸ್, ಅದೂ ಮೂರಕ್ಷರ. ವೆಬ್‌ಸೈಟ್, ಎಕ್ಸ್‌ಎಂಎಲ್ (ಮಾಹಿತಿಗೆ ಗುರುತು ಹಾಕಿ ಇಡೋ ಫೈಲ್) ಆದ್ರೆ ಬಿಸಿಪಿ 47 ಅನ್ನೋ ನಿಯಮ, ಅದ್ರಲ್ಲಿ ಭಾಷೆಗೆ ಎರಡಕ್ಷರದ ಕೋಡ್ ಇದ್ರೆ ಅದನ್ನೇ ಹಾಕ್ಬೇಕು, ಇಲ್ದಿದ್ರೆ ಮಾತ್ರ ಮೂರಕ್ಷರ. ಹಾಗಾಗಿ ಕನ್ನಡ ಅಲ್ಲಿ ಕೆಎನ್, ಕೊಂಕಣಿ ಕೆಒಕೆ, ಕೊಂಕಣಿಗೆ ಎರಡಕ್ಷರದ್ದು ಇಲ್ಲವೇ ಇಲ್ಲ.

ಮುಂಡಗೋಡ ಕಡೆಯವ್ರು ಇಲ್ಲಿ ಸ್ವಲ್ಪ ನಿಂತು ಓದಿ. ಟಿಬೆಟನ್ ಕ್ಯಾಂಪಿನ ಪುಸ್ತಕ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರ್ತದೆ. 639-2ರಲ್ಲಿ ಇಪ್ಪತ್ತು ಭಾಷೆಗಳಿಗೆ ಎರಡೆರಡು ಕೋಡ್ ಇದೆ, ಟಿಬೆಟನ್ ಅದ್ರಲ್ಲಿ ಒಂದು. ಲೈಬ್ರರಿ ಕಡೆ ಟಿಐಬಿ, ಇನ್ನೊಂದು ಬಿಒಡಿ, ಬಿಸಿಪಿ 47ರಲ್ಲಿ ಬಿಒ. ಮಾರ್ಕ್ ರೆಕಾರ್ಡಿಗೆ ಬಿಒಡಿ ಹಾಕಿ ಕಳಿಸಿದ್ರೆ ಅಲ್ಲಿಯ ಸಾಫ್ಟ್‌ವೇರಿಗೆ ಗುರುತು ಸಿಗದೆ ಅದನ್ನ ಯುಎನ್‌ಡಿ ಮಾಡಿ ಹಾಕಬಹುದು, ಆಗ ಗೊತ್ತಿದ್ದ ಭಾಷೆನೂ ಗೊತ್ತಿಲ್ಲದ್ದು ಅಂತ ಆಗ್ಹೋಗ್ತದೆ. ಕನ್ನಡ, ಕೊಂಕಣಿ, ಮರಾಠಿ, ಸಂಸ್ಕೃತಕ್ಕೆ ಈ ತೊಂದ್ರೆ ಇಲ್ಲ.

2. 'ಗೊತ್ತಿಲ್ಲ' ಅನ್ನೋ ರಾಶಿಯನ್ನ ಬೇರೆ ಬೇರೆ ಮಾಡಿ

ಇದೇ ನಿಜವಾದ ಕೆಲಸ, ಇದಕ್ಕೆ ಟೈಮ್ ಕೊಡಿ. ಯುಎನ್‌ಡಿ ಅಂತ ಬಿದ್ದದ್ದೆಲ್ಲ ಒಂದೇ ತರದ್ದಲ್ಲ, ಅಡಿಕೆ ಆರಿಸೋವಾಗ ಚಾಲಿ, ಬೆಟ್ಟೆ, ಕೋಕ ಅಂತ ಬೇರೆ ಬೇರೆ ಮಾಡ್ತೀರಲ್ಲ ಹಾಗೆ ಒಂದೊಂದನ್ನೂ ನೋಡಿ ಬೇರೆ ಮಾಡ್ಬೇಕು.

ಭಾಷೆಯೇ ಇಲ್ಲದ ವಸ್ತು ಒಂದು ತರ. ಬರೀ ಚಂಡೆ ಮದ್ದಳೆ ಇರೋ ರೆಕಾರ್ಡಿಂಗ್, ಅಕ್ಷರ ಇಲ್ಲದ ಫೋಟೋ, ಕಾಡಿನ ಹಕ್ಕಿ ಕೂಗು. ಇದಕ್ಕೆ ಜಡ್‌ಎಕ್ಸ್‌ಎಕ್ಸ್, 'ಭಾಷಾ ವಿಷಯ ಇಲ್ಲ' ಅಂತ ಅರ್ಥ. ಇಲ್ಲಿ ಯುಎನ್‌ಡಿ ಹಾಕಿದ್ರೆ ಮುಂದೆ ಯಾರೋ ಪಾಪ ಭಾಷೆ ಹುಡುಕ್ಲಿಕ್ಕೆ ಪೂರ್ತಿ ರೆಕಾರ್ಡಿಂಗ್ ಕೇಳಿ ಸುಸ್ತಾಗ್ತಾರೆ. ಆದ್ರೆ ಚಂಡೆಯ ಮಧ್ಯ ಭಾಗವತರು ಒಂದು ಪದ್ಯ ಹೇಳಿದ್ದಿದ್ರೂ ಅದು ಜಡ್‌ಎಕ್ಸ್‌ಎಕ್ಸ್ ಅಲ್ಲ, ಆ ಪದ್ಯದ ಭಾಷೆ ಹಾಕ್ಬೇಕು.

ಒಂದಕ್ಕಿಂತ ಹೆಚ್ಚು ಭಾಷೆ ಇರೋದು ಇನ್ನೊಂದು ತರ. ಇದಕ್ಕೆ ಎಂಯುಎಲ್ ಅನ್ನೋ ಕೋಡ್ ಇದೆ ನಿಜ, ಆದ್ರೆ ತಗೊಳ್ಳೋರ ರೂಪದಲ್ಲಿ ಭಾಷೆಯ ಫೀಲ್ಡನ್ನ ಒಂದಕ್ಕಿಂತ ಹೆಚ್ಚು ಸಲ ಹಾಕ್ಲಿಕ್ಕೆ ಬರೋದಾದ್ರೆ ಪ್ರತಿ ಭಾಷೆನೂ ಬೇರೆ ಬೇರೆ ಬರೀರಿ. ಮಾರ್ಕಲ್ಲಿ 041 ಅನ್ನೋ ಫೀಲ್ಡ್ ಇರೋದೇ ಇದಕ್ಕೆ. ಎಂಯುಎಲ್ ಅಂತ ಒಂದೇ ಹಾಕಿದ್ರೆ ಕೊಂಕಣಿ ಹುಡುಕೋವ್ನಿಗೆ ಕನ್ನಡ-ಕೊಂಕಣಿ ಎರಡೂ ಇರೋ ಪುಸ್ತಕ ಸಿಗೋದೇ ಇಲ್ಲ. ಹಾಗಂತ ಪ್ರಸಂಗದ ನಡುವೆ ಹಾಸ್ಯಗಾರ ನಾಲ್ಕು ಮಾತು ಕೊಂಕಣಿ ಆಡಿದ್ದಕ್ಕೆ ಇಡೀ ಆಟವನ್ನ ಎರಡು ಭಾಷೆಯದ್ದು ಅಂತ ಮಾಡ್ಬೇಡಿ, ಕನ್ನಡ ಅಂತಲೇ ಇರ್ಲಿ, ಕೊಂಕಣಿ ಮಾತು ಇದೆ ಅನ್ನೋದನ್ನ ಟಿಪ್ಪಣಿಗೆ ಹಾಕಿ.

ಭಾಷೆ ಚೆನ್ನಾಗಿ ಗೊತ್ತು, ಆದ್ರೆ ಆ ಪಟ್ಟಿಯಲ್ಲಿ ಅದಕ್ಕೆ ಕೋಡೇ ಇಲ್ಲ ಅನ್ನೋದು ಮೂರನೇದು. ಇದು ನಮ್ಮ ಜಿಲ್ಲೆಗೆ ಜಾಸ್ತಿ ಬರೋದು. ಇದಕ್ಕೆ ಎಂಐಎಸ್ ಅಂತ ಒಂದು ಕೋಡ್ ಇದೆ, ಆದ್ರೆ ನನ್ನ ಮಾತು ಕೇಳಿ ಅದನ್ನ ಬಳಸ್ಬೇಡಿ. ಇವತ್ತು ಕೋಡ್ ಇಲ್ಲ ಅಂತ ಎಂಐಎಸ್ ಹಾಕ್ತೀರಿ, ನಾಳೆ ಆ ಭಾಷೆಗೆ ಕೋಡ್ ಸಿಕ್ತು ಅಂದ್ರೆ ನಿಮ್ಮ ದಾಖಲೆ ತನ್ನಷ್ಟಕ್ಕೇ ತಪ್ಪಾಗ್ತದೆ, ಬಿಸಿಪಿ 47 ಕೂಡ ಇದೇ ಕಾರಣಕ್ಕೆ ಅದನ್ನ ಬೇಡ ಅಂತಲೇ ಹೇಳ್ತದೆ. ಬದಲಿಗೆ ಏನು ಮಾಡ್ಬೇಕು ಅನ್ನೋದು ಮೂರನೇ ಹಂತದಲ್ಲಿದೆ.

ಇನ್ನು ಯಾರೂ ತೆರೆದೇ ನೋಡದ ವಸ್ತು. ಕ್ಯಾಸೆಟ್ ಇನ್ನೂ ಡಬ್ಬಿಯಲ್ಲೇ ಇದೆ ಅಂತಾದ್ರೆ ಅದಕ್ಕೆ ಯುಎನ್‌ಡಿ ಹಾಕೋದು ಸರಿಯಲ್ಲ, ಖಾಲಿ ಬಿಡಿ. ಮಾರ್ಕಲ್ಲಿ ಇದಕ್ಕೆ ಅಂತಲೇ ಮೂರು ನೆಟ್ಟಗಿನ ಗೆರೆ ಹಾಕೋ ಪದ್ಧತಿ ಇದೆ, ಅದರ ಅರ್ಥ 'ಕೋಡ್ ಹಾಕೋ ಪ್ರಯತ್ನವೇ ಆಗಿಲ್ಲ' ಅಂತ.

ಇಷ್ಟೆಲ್ಲ ತೆಗೆದ ಮೇಲೆ ಉಳೀತದಲ್ಲ, ನೋಡಿದ್ದಾಯ್ತು, ಕೇಳಿದ್ದಾಯ್ತು, ತಿಳಿದವ್ರ ಹತ್ರ ವಿಚಾರಿಸಿದ್ದೂ ಆಯ್ತು, ಆದ್ರೂ ಯಾವ ಭಾಷೆ ಅಂತ ಗೊತ್ತಾಗ್ಲಿಲ್ಲ ಅನ್ನೋದು, ಯುಎನ್‌ಡಿ ಅದಕ್ಕೆ ಮಾತ್ರ.

3. ನಮ್ಮ ಜಿಲ್ಲೆಯ ಭಾಷೆಗಳಿಗೆ ಸರಿಯಾದ ಕೋಡ್

ಮೊದ್ಲು ಒಂದು ಎಚ್ಚರಿಕೆ, ಇದರಷ್ಟು ಹಾಳು ಮಾಡೋ ತಪ್ಪು ಬೇರೆ ಇಲ್ಲ: ಕೋಡನ್ನ ಊಹೆ ಮಾಡಿ ಹಾಕ್ಬೇಡಿ. ಭಾಷೆಯ ಹೆಸರಿನ ಮೊದಲಕ್ಷರಗಳು ಅಂದ್ಕೊಂಡು ಹೊಡೆದ್ರೆ ಏನಾಗ್ತದೆ ನೋಡಿ. ಕನ್ನಡಕ್ಕೆ ಕೆಎ ಹಾಕಿದ್ರೆ ಅದು ಜಾರ್ಜಿಯನ್ ಭಾಷೆ. ಕೊಂಕಣಿಗೆ ಕೆಒ ಅಂದ್ರೆ ಕೊರಿಯನ್, ಕೆಒಎನ್ ಅಂದ್ರೆ ಆಫ್ರಿಕಾದ ಕೊಂಗೋ. ಭಟ್ಕಳ ಕಡೆಯ ನವಾಯತಿ ಮಾತಿಗೆ ಎನ್‌ಎವಿ ಹಾಕಿದ್ರೆ ಅಮೆರಿಕದ ಮೂಲನಿವಾಸಿಗಳ ನವಾಹೋ. ಸಿದ್ದಿಯವ್ರ ಹಾಡಿಗೆ ಎಸ್‌ಐಡಿ ಅಂದ್ರೆ ಇಥಿಯೋಪಿಯಾದ ಸಿದಾಮೊ. ಇವೆಲ್ಲ ಪಟ್ಟಿಯಲ್ಲಿ ಇರೋ ಕೋಡೇ ಆಗಿದ್ದರಿಂದ ಸಾಫ್ಟ್‌ವೇರ್ ಚಕಾರ ಎತ್ತೋದಿಲ್ಲ, ಚೆಕ್ ಮಾಡಿದ್ರೂ ಪಾಸಾಗ್ತದೆ. ಅಂಕೋಲೆಯ ಕೊಂಕಣಿ ಹಾಡು ಕೊರಿಯನ್ ಅಂತ ಸೇರಿಹೋದ ಮೇಲೆ ಹುಡುಕೋವ್ರು ಯಾರು?

ಕೊಂಕಣಿಗೆ ಕೆಒಕೆ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಭಾಷೆ, ಕೋಡ್ ಇಲ್ಲ ಅನ್ನೋ ಪ್ರಶ್ನೆನೇ ಬರೋದಿಲ್ಲ. 639-3ರಲ್ಲಿ ಕೆಒಕೆಯನ್ನ ಒಂದು ಮಹಾಭಾಷೆ ಅಂತ ಇಟ್ಟಿದ್ದಾರೆ, ಅಂದ್ರೆ ಅದರ ಕೆಳಗೆ ಬೇರೆ ಕೋಡ್ ಇರೋ ಪ್ರಭೇದಗಳಿವೆ: ಗೋವಾ ಕೊಂಕಣಿಗೆ ಜಿಒಎಂ, ಇನ್ನೊಂದಕ್ಕೆ ಕೆಎನ್‌ಎನ್. ಕಾರವಾರದ ಒಂದೊಂದು ಕೇರಿಯ ಕೊಂಕಣಿ ಒಂದೊಂದು ತರ ಇರೋವಾಗ ಯಾವುದರ ಕೆಳಗೆ ಹಾಕೋದು ಅಂತ ತಲೆ ಕೆಡಿಸ್ಕೊಳ್ಳೋದಕ್ಕಿಂತ ಕೆಒಕೆ ಹಾಕಿ, ಯಾವ ಊರಿನದ್ದು, ಯಾವ ಸಮುದಾಯದ್ದು ಅನ್ನೋದನ್ನ ಟಿಪ್ಪಣಿಯಲ್ಲಿ ಬಿಡಿಸಿ ಬರೀರಿ. ಭಟ್ಕಳದ ನವಾಯತಿಯನ್ನೂ ಕೆಒಕೆ ಅಡಿಯಲ್ಲೇ ಇಡೋದು ಒಳ್ಳೇದು, ಉರ್ದು ತರದ ಲಿಪಿ ಇದೆ ಅಂತ ಉರ್ದು ಕೋಡ್ ಹಾಕ್ಬೇಡಿ.

ಹವ್ಯಕ ಕನ್ನಡಕ್ಕೂ ಹಾಲಕ್ಕಿ ಸಮುದಾಯದವ್ರ ಕನ್ನಡಕ್ಕೂ ಬೇರೆ ಕೋಡ್ ಇಲ್ಲ, ಎರಡೂ ಕೆಎಎನ್ ಒಳಗೇ ಬರ್ತವೆ. ಇದನ್ನ ಹೇಳಿದಾಗ ಕೆಲವರಿಗೆ ಬೇಜಾರಾಗ್ತದೆ, ನಮ್ಮ ಮಾತು ಬೇರೆನೇ ಅಲ್ವಾ ಅಂತ, ಆ ಬೇಜಾರು ನ್ಯಾಯವೇ. ಪದ್ಮಶ್ರೀ ಸುಕ್ರಿ ಬೊಮ್ಮಗೌಡರು ಹಾಡ್ತಿದ್ದ ಹಾಲಕ್ಕಿ ಹಾಡನ್ನೂ ಬೆಂಗಳೂರಿನ ಪಠ್ಯಪುಸ್ತಕವನ್ನೂ ಒಂದೇ ಕೋಡಿನ ಅಡಿ ಇಟ್ಟು ಸುಮ್ನಾದ್ರೆ ಹಾಲಕ್ಕಿ ಹಾಡು ಅಂತ ಹುಡುಕೋವ್ರಿಗೆ ಅದು ಸಿಗ್ಲಿಕ್ಕಿಲ್ಲ. ಬಿಸಿಪಿ 47 ಇದಕ್ಕೊಂದು ದಾರಿ ಕೊಡ್ತದೆ: ಕೆಎನ್, ಆಮೇಲೆ ಅಡ್ಡಗೆರೆ, ಎಕ್ಸ್ ಅಕ್ಷರ, ಮತ್ತೆ ಅಡ್ಡಗೆರೆ, ಆಮೇಲೆ ನಿಮ್ಮದೇ ಹೆಸರು. ಒಂದು ತುಂಡು ಎಂಟಕ್ಷರ ದಾಟಬಾರದು, ಹವ್ಯಕ, ಹಾಲಕ್ಕಿ ಎರಡೂ ಇಂಗ್ಲಿಷಲ್ಲಿ ಏಳೇಳು ಅಕ್ಷರ, ಸರಿ ಕೂರ್ತದೆ. ಎಕ್ಸ್ ಆದ್ಮೇಲೆ ಬರೋದು ಖಾಸಗಿ ಬಳಕೆಯದ್ದು, ಅರ್ಥ ನಿಮ್ಗೂ ತಗೊಳ್ಳೋರಿಗೂ ಮಾತ್ರ ಗೊತ್ತಿರ್ತದೆ, ಹಾಗಾಗಿ ಫೈಲ್ ಜೊತೆ ಒಂದು ಸಾಲು ವಿವರಣೆ ಕಳಿಸ್ಲೇಬೇಕು. ಅವ್ರ ಸಾಫ್ಟ್‌ವೇರ್ ಆ ತುಂಡನ್ನ ಕತ್ತರಿಸಿದ್ರೂ ಕೆಎನ್ ಉಳೀತದೆ, ಅದೇ ಇದ್ರ ಅನುಕೂಲ.

ಮೂರಕ್ಷರದ ಪಟ್ಟಿಯಲ್ಲಿ ಕ್ಯೂಎಎದಿಂದ ಕ್ಯೂಟಿಜಡ್‌ವರೆಗೆ 520 ಕೋಡುಗಳನ್ನ ಸ್ಥಳೀಯ ಬಳಕೆಗೆ ಅಂತ ಬಿಟ್ಟಿದ್ದಾರೆ. ನಿಮ್ಮ ಲೈಬ್ರರಿಯ ಒಳಗೆ ಮಾತ್ರ ಬಳಸೋದಾದ್ರೆ ಪರವಾಗಿಲ್ಲ, ಹೊರಗೆ ಕಳಿಸೋ ಫೈಲಲ್ಲಿ ಬೇಡ. ನೀವು ಕ್ಯೂಎಎ ಅಂದ್ರೆ ಹಾಲಕ್ಕಿ ಅಂದ್ಕೊಂಡಿರ್ತೀರಿ, ಇನ್ನೊಂದು ಊರಲ್ಲಿ ಅದೇ ಕೋಡನ್ನ ಮತ್ತೇನಕ್ಕೋ ಇಟ್ಕೊಂಡಿರ್ತಾರೆ, ಎರಡು ಪಟ್ಟಿ ಒಂದೇ ಕಡೆ ಸೇರಿದಾಗ ಬಿಡಿಸ್ಲಿಕ್ಕೆ ಆಗೋದಿಲ್ಲ.

ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ತುಳು ಪ್ರಸಂಗದ ರೆಕಾರ್ಡಿಂಗ್ ನಿಮ್ಮಲ್ಲಿದ್ರೆ, ತುಳುವಿಗೆ 639-3ರಲ್ಲಿ ಟಿಸಿವೈ ಅಂತ ಕೋಡ್ ಇದೆ, 639-2ರಲ್ಲಿ ಇಲ್ಲ. ಅಲ್ಲಿ ದ್ರಾವಿಡ ಭಾಷೆಗಳು ಅನ್ನೋ ಗುಂಪಿನ ಕೋಡ್ ಡಿಆರ್‌ಎ ಹಾಕ್ಬೇಕು. ಮಾರ್ಕಲ್ಲಿ ಎರಡನ್ನೂ ಇಡ್ಬಹುದು, 008ರಲ್ಲಿ ಡಿಆರ್‌ಎ, 041ರಲ್ಲಿ ಟಿಸಿವೈ. ಆದ್ರೆ 041ರ ಎರಡನೇ ಸೂಚಕವನ್ನ 7 ಮಾಡಿ, ಕೋಡ್ ಯಾವ ಪಟ್ಟಿಯದ್ದು ಅಂತ ಡಾಲರ್ 2 ಉಪಫೀಲ್ಡಲ್ಲಿ ಐಎಸ್‌ಒ 639-3 ಅಂತ ತಿಳಿಸ್ಬೇಕು. ಸೂಚಕ ಅಂದ್ರೆ ಫೀಲ್ಡಿನ ಶುರುವಲ್ಲಿ ಬರೋ ಒಂದಂಕಿಯ ಗುರುತು. ಇದನ್ನ ಮರೆತ್ರೆ ತಗೊಳ್ಳೋರು ಟಿಸಿವೈಯನ್ನ ತಪ್ಪು ಕೋಡ್ ಅಂತ ಬಿಸಾಡ್ತಾರೆ.

4. ಲಿಪಿ ಬೇರೆ, ಭಾಷೆ ಬೇರೆ

ಭಾಷೆ ಗೊತ್ತಾಗದಿದ್ರೂ ಲಿಪಿ ಗೊತ್ತಾಗೋದು ತುಂಬಾ ಸಲ ಇರ್ತದೆ, ಗೊತ್ತಿರೋದನ್ನ ಕಳ್ಕೊಳ್ಬೇಡಿ. ಲಿಪಿಗೆ ನಾಲ್ಕಕ್ಷರದ ಕೋಡ್: ಕನ್ನಡ ಲಿಪಿ ಕೆಎನ್‌ಡಿಎ, ದೇವನಾಗರಿ ಡಿಇವಿಎ, ಅರಬಿ ಎಆರ್‌ಎಬಿ. ಬಿಸಿಪಿ 47ರಲ್ಲಿ ಇವನ್ನ ಭಾಷೆಯ ಕೋಡ್ ಆದ್ಮೇಲೆ ಅಡ್ಡಗೆರೆ ಹಾಕಿ ಸೇರಿಸ್ಬಹುದು. ಕನ್ನಡ ಲಿಪಿಯ ಕೊಂಕಣಿಗೆ ಕೆಒಕೆ-ಕೆಎನ್‌ಡಿಎ. ದೇವನಾಗರಿ ಅಂತ ಗೊತ್ತು, ಒಳಗಿರೋದು ಮರಾಠಿಯೋ ಕೊಂಕಣಿಯೋ ಗೊತ್ತಾಗ್ಲಿಲ್ಲ ಅಂದ್ರೆ ಯುಎನ್‌ಡಿ-ಡಿಇವಿಎ, ಇಂಥ ಕಡೆ ಯುಎನ್‌ಡಿ ಹಾಕೋದು ಪೂರ್ತಿ ನಿಯಮಬದ್ಧ.

ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ಲ, ಹಳೆ ಕಾಗದಪತ್ರದಲ್ಲಿ ಮರಾಠಿ ಬರ್ತದೆ, ಅದೂ ಮೋಡಿ ಲಿಪಿಯಲ್ಲಿ. ಮೋಡಿಗೆ ಎಂಒಡಿಐ. ಶಿರಸಿ, ಸಿದ್ದಾಪುರ ಕಡೆ ಹವ್ಯಕ ಮನೆಗಳ ತಾಳೆಗರಿಯಲ್ಲಿ ತಿಗಳಾರಿ ಲಿಪಿ (ತುಳು ಲಿಪಿ ಅಂತಲೂ ಹೇಳ್ತಾರೆ) ಸಿಗ್ತದೆ, ಅದಕ್ಕೆ ಟಿಯುಟಿಜಿ, 2024ರಲ್ಲಿ ಕಂಪ್ಯೂಟರ್ ಅಕ್ಷರಗಳ ಮಾನದಂಡವಾದ ಯುನಿಕೋಡ್ 16ಕ್ಕೆ ಸೇರಿದೆ. ತಿಗಳಾರಿ ಕಂಡ ಕೂಡ್ಲೇ ತುಳು ಅಂತ ಬರೆಯೋದು ಬೇಡ, ನಮ್ಮ ಕಡೆಯ ಓಲೆಗಳಲ್ಲಿ ಒಳಗಿರೋದು ಬಹುಪಾಲು ಸಂಸ್ಕೃತ. ಓದ್ಲಿಕ್ಕೆ ಬರೋವ್ರಿಗೆ ತೋರಿಸೋವರೆಗೆ ಯುಎನ್‌ಡಿ-ಟಿಯುಟಿಜಿ ಅಂತಿಡಿ.

ಭಾಷೆ ಗುರುತಿಸೋ ಸಾಫ್ಟ್‌ವೇರನ್ನ ಇಲ್ಲಿ ಪೂರ್ತಿ ನಂಬ್ಬೇಡಿ. ಕನ್ನಡ ಲಿಪಿ ಕಂಡ್ರೆ ಕೊಂಕಣಿಯನ್ನೂ ಕನ್ನಡ ಅಂದ್ಬಿಡ್ತದೆ.

5. ಆಡಿಯೋ, ವಿಡಿಯೋ ಫೈಲಿನ ಒಳಗೆ ಬೇರೆನೇ ಕಥೆ

ಶೀಟಲ್ಲಿ ಎಲ್ಲಾ ಸರಿ ಮಾಡಿ, ಫೈಲಿನ ಒಳಗಿರೋ ಭಾಷೆಯ ಗುರುತು ಮರೀತಾರೆ. ಎಂಪಿ4 ಫೈಲಲ್ಲಿ ಭಾಷೆ ಹಾಕದಿದ್ರೆ ಸಾಮಾನ್ಯ ಯುಎನ್‌ಡಿ ಇರ್ತದೆ, ಪ್ಲೇಯರಲ್ಲಿ ಆಡಿಯೋ ಟ್ರ್ಯಾಕ್ ಪಕ್ಕ ಕಾಣೋದು ಅದೇ, ಹೆದರ್ಬೇಕಾಗಿಲ್ಲ. ಎಂಪಿ3 ಫೈಲಿನ ಒಳಗೇ ಹಾಡಿನ ವಿವರ ಇಡೋ ಐಡಿ3 ಟ್ಯಾಗ್ 2.4ರಲ್ಲಿ, ಕಾಮೆಂಟು, ಹಾಡಿನ ಸಾಹಿತ್ಯ ಬರೆಯೋ ಕಡೆ ಭಾಷೆ ಗೊತ್ತಿಲ್ದಿದ್ರೆ ದೊಡ್ಡಕ್ಷರದಲ್ಲೇ ಎಕ್ಸ್‌ಎಕ್ಸ್‌ಎಕ್ಸ್ ಹಾಕ್ಬೇಕು ಅಂತ ಆ ಮಾನದಂಡವೇ ಹೇಳ್ತದೆ. ಎಂಕೆವಿ ಫೈಲ್ ಮಾತ್ರ ಹುಷಾರು: ಅದರಲ್ಲಿ ಭಾಷೆ ಬರೀದೇ ಬಿಟ್ರೆ ಇಂಗ್ಲಿಷ್ ಅಂತಲೇ ಲೆಕ್ಕ. ಯಲ್ಲಾಪುರದ ಬಯಲಾಟ ಎಂಕೆವಿಯಲ್ಲಿ ಇಟ್ಟು ಖಾಲಿ ಬಿಟ್ರೆ ಜಗತ್ತಿಗೆ ಅದು ಇಂಗ್ಲಿಷ್ ಆಟ. ಹಾಗಾಗಿ ಎಂಕೆವಿಯಲ್ಲಿ ಕೆಎಎನ್ ಆಗ್ಲಿ ಯುಎನ್‌ಡಿ ಆಗ್ಲಿ, ಏನಾದ್ರೂ ಬರೀಲೇಬೇಕು.

ಕ್ಯಾಟಲಾಗ್ ಸಾಫ್ಟ್‌ವೇರಿಗೂ ಇದೇ ಮಾತು. ಕೋಹಾ ಬಳಸೋವ್ರು 008ರ ಡೀಫಾಲ್ಟ್ ಭಾಷೆಯ ಸೆಟ್ಟಿಂಗ್ ನೋಡ್ಕೊಳ್ಳಿ, ಖಾಲಿ ಇದ್ರೆ ಹೊಸ ರೆಕಾರ್ಡಿಗೆ ಇಂಗ್ಲಿಷ್ ಬೀಳ್ತದೆ. ಅದನ್ನ ಕೆಎಎನ್ ಮಾಡ್ಬಹುದು, ಆದ್ರೆ ಆಗ ಕೊಂಕಣಿ ಪುಸ್ತಕ ಹಾಕೋವಾಗೆಲ್ಲ ನೆನಪಿಟ್ಟು ಬದಲಿಸ್ಬೇಕು.

6. ಬದಲಾವಣೆ ಮಾಡೋ ವಿಧಾನ

ಫೈಂಡ್-ರಿಪ್ಲೇಸ್ ಇಡೀ ಶೀಟಿಗೆ ಓಡಿಸ್ಬೇಡಿ. ಮುಂಡಗೋಡದ ಇಂಗ್ಲಿಷ್ ಸ್ಪೆಲ್ಲಿಂಗ್ ಒಳಗೇ ಯು, ಎನ್, ಡಿ ಸಾಲಾಗಿ ಕೂತಿವೆ, ಸುಂದರ ಅನ್ನೋ ಹೆಸರಲ್ಲೂ ಇವೆ. ಯುಎನ್‌ಡಿ ತೆಗೆದು ಕೆಎಎನ್ ಹಾಕು ಅಂದ್ರೆ ಊರಿನ ಹೆಸರು, ಬರೆದವ್ರ ಹೆಸರು ಎಲ್ಲಾ ಕೆಟ್ಟು ಕೂರ್ತವೆ. ಭಾಷೆಯ ಕಾಲಮ್ ಒಂದನ್ನೇ ಸೆಲೆಕ್ಟ್ ಮಾಡಿ, 'ಪೂರ್ತಿ ಸೆಲ್ ಹೊಂದಬೇಕು' ಅನ್ನೋ ಆಯ್ಕೆ ಟಿಕ್ ಮಾಡಿ, ಆಮೇಲೆ ಓಡಿಸಿ.

ಎರಡಕ್ಷರವೇ ಬೇಕು ಅಂತ ಹಟ ಹಿಡಿಯೋ ಸಿಸ್ಟಮ್ ಇದ್ರೆ, ಯುಎನ್‌ಡಿಗೆ ಎರಡಕ್ಷರದ ರೂಪ ಇಲ್ಲ, ಯುಎನ್ ಅಂತ ನೀವೇ ಹುಟ್ಟಿಸ್ಬೇಡಿ. ಖಾಲಿ ಬಿಡ್ಲಿಕ್ಕೆ ಆಗ್ತದಾ ಕೇಳಿ. ವೆಬ್ ಮತ್ತು ಎಕ್ಸ್‌ಎಂಎಲ್‌ನಲ್ಲಿ ಭಾಷೆಯ ಗುರುತನ್ನ ಬೇಕಂತಲೇ ಖಾಲಿ ಇಡ್ಬಹುದು, ಆಗ ಮೇಲಿನ ಭಾಗದ ಭಾಷೆ ಕೆಳಗೆ ಇಳಿದು ಬರೋದಿಲ್ಲ. ಪುಟ ಪೂರ್ತಿ ಕನ್ನಡ, ನಡುವೆ ಒಂದು ಗೊತ್ತಿಲ್ಲದ ಸಾಲು ಅಂತಿದ್ರೆ ಇದು ಉಪಯೋಗಕ್ಕೆ ಬರ್ತದೆ. ಖಾಲಿ ಬಿಡೋಕೆ ಅವಕಾಶ ಇರೋ ಕಡೆ ಖಾಲಿ ಬಿಡೋದೇ ಮೇಲು, ಕಡ್ಡಾಯ ಇರೋ ಕಡೆ ಯುಎನ್‌ಡಿ ಅಂತಲೇ ಬಿಸಿಪಿ 47 ಕೂಡ ಹೇಳೋದು.

7. ಕಳಿಸೋ ಮೊದ್ಲು, ಕಳಿಸಿದ ಮೇಲೆ

ಕಳಿಸೋ ಮುಂಚೆ ಶೀಟಲ್ಲಿ ಯುಎನ್‌ಡಿ ಎಷ್ಟು, ಜಡ್‌ಎಕ್ಸ್‌ಎಕ್ಸ್ ಎಷ್ಟು, ಖಾಲಿ ಎಷ್ಟು ಅಂತ ಬರೆದಿಟ್ಕೊಳ್ಳಿ. ಅಪ್‌ಲೋಡ್ ಆದ್ಮೇಲೆ ಆ ಕಡೆ ಎಷ್ಟು ಕಾಣ್ತದೆ ಅಂತ ಹೋಲಿಸಿ. ಯುಎನ್‌ಡಿ ಹೆಚ್ಚಾದ್ರೆ ನಿಮ್ಮ ಯಾವುದೋ ಕೋಡ್ ಅವ್ರಿಗೆ ಅರ್ಥ ಆಗಿಲ್ಲ, ಟಿಸಿವೈ ಅಥವಾ ಬಿಒಡಿ ಇದ್ದ ಸಾಲುಗಳನ್ನ ಮೊದ್ಲು ನೋಡಿ. ಯುಎನ್‌ಡಿ ಪೂರ್ತಿ ಮಾಯ ಆದ್ರೆ ಅದು ಇನ್ನೂ ಕೆಟ್ಟದ್ದು, ಅಲ್ಲಿ ಯಾರೋ ಡೀಫಾಲ್ಟ್ ಭಾಷೆ ತುಂಬಿಸಿದ್ದಾರೆ ಅಂತ ಅರ್ಥ, ಕೂಡ್ಲೇ ಫೋನ್ ಮಾಡಿ ತೆಗೆಸಿ.

ಉಳಿದ ಯುಎನ್‌ಡಿ ಸಾಲುಗಳಿಗೆ ಟಿಪ್ಪಣಿ ಕಾಲಮ್ಮಲ್ಲಿ ಯಾರು ಕೇಳಿದ್ರು, ಯಾವ ದಿನ, ಏನು ಅನುಮಾನ ಅಂತ ಬರೀರಿ. 'ಅಜ್ಜಿ ಹಾಡು, ಕುಮಟಾ ಕಡೆಯದ್ದು, ಕೊಂಕಣಿ ಇರಬಹುದು, ಖಾತ್ರಿ ಇಲ್ಲ' ಅಂತ ಒಂದು ಸಾಲಿದ್ರೂ ಮುಂದಿನವ್ರಿಗೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ತದೆ. ಹಾಡಿನ ತುಣುಕನ್ನ ಅದೇ ಊರಿನ ಹಿರಿಯರಿಗೆ ವಾಟ್ಸಾಪಲ್ಲಿ ಕಳಿಸಿ ಕೇಳಿ, ಮದುವೆ ಹಾಡು, ಸುಗ್ಗಿ ಹಾಡು ಆದ್ರೆ ಎರಡು ಸಾಲು ಕೇಳಿದ್ರೆ ಸಾಕು ಅವ್ರಿಗೆ. ಅವ್ರು ಹೇಳಿದ್ದನ್ನ ಇನ್ನೊಬ್ರ ಹತ್ರ ಖಾತ್ರಿ ಮಾಡ್ಕೊಂಡು ಕೋಡ್ ಬದಲಿಸಿ, ಬದಲಿಸಿದ ಸಾಲುಗಳನ್ನ ಮಾತ್ರ ಬೇರೆ ಫೈಲ್ ಮಾಡಿ ತಗೊಂಡವ್ರಿಗೆ ಮತ್ತೆ ಕಳಿಸಿ. ರೆಕಾರ್ಡಿನ ನಂಬರ್ ಮೊದಲಿನದ್ದೇ ಇರ್ಬೇಕು, ಹೊಸ ನಂಬರ್ ಕೊಟ್ರೆ ಅವ್ರಲ್ಲಿ ಒಂದೇ ಹಾಡು ಎರಡು ಸಲ ಸೇರ್ತದೆ, ಒಂದು ಯುಎನ್‌ಡಿ, ಇನ್ನೊಂದು ಕೆಒಕೆ.